ಒಂದೂವರೆ ತಾಸಿನ ಹಾದಿ

ನಾಗಪುರ ದೇಶದ ಹೊಕ್ಕಳು ಎಂದು ಗುರುಸಿದ್ದಪ್ಪ ಊರಿನವರಿಗೆ ಹೇಳುತ್ತಿದ್ದ. ಸಿವಿಲ್ ಲೈನ್ಸಿನ ಹತ್ತಿರ ಬ್ರಿಟಿಷರ ಕಾಲದ ಒಂದು ಕಂಬವಿದೆ, ಎಲ್ಲ ಊರುಗಳ ದೂರವನ್ನು ಅಲ್ಲಿಂದಲೇ ಅಳೆಯುತ್ತಿದ್ದರಂತೆ ಎಂದು ವರ್ಣಿಸುವಾಗ ಆ ಕಂಬವನ್ನು ತಾನೇ ನೆಟ್ಟವನ ಗತ್ತು ಅವನ ದನಿಯಲ್ಲಿರುತ್ತಿತ್ತು. "ಅದಕ್ಕ ನೋಡ್ರಿ, ನಮಗ ಎಲ್ಲಾ ಊರೂ ದೂರನ," ಎಂದು ಮಾತು ಮುಗಿಸುತ್ತಿದ್ದ. ನಟ್ಟನಡುವೆ ಕೂತವನಿಗೆ ಎಲ್ಲ ಊರೂ ಹತ್ತಿರವಾಗಬೇಕಲ್ಲ ಎಂದು ಯಾರೂ ತಿರುಗಿ ಕೇಳಲಿಲ್ಲ. ಕೇಳುವ ಹಕ್ಕಿದ್ದವಳು ಒಬ್ಬಳೇ, ಅವನ ಅಕ್ಕ ನೀಲಗಂಗಮ್ಮ. ಅವಳಿಗೆ ತಮ್ಮನ ಮಾತನ್ನು ಅನುಮಾನಿಸುವ ಅಭ್ಯಾಸವಿರಲಿಲ್ಲ.

ತಂದೆ ತಾಯಿ ಒಂದೇ ವರ್ಷದಲ್ಲಿ ಹಿಂದೆಮುಂದೆ ತೀರಿಕೊಂಡಾಗ ಗುರುಸಿದ್ದಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅಕ್ಕನನ್ನು ಅಣ್ಣಿಗೇರಿ ಕಡೆಯ ಒಂದು ಹಳ್ಳಿಗೆ, ಫಕೀರಪ್ಪ ಎಂಬ ಸಂಭಾವಿತನಿಗೆ ಕೊಟ್ಟು ಆಗಲೇ ಎರಡು ವರ್ಷವಾಗಿತ್ತು. ಅವಳು ತಮ್ಮನ ಕೈ ಹಿಡಿದು ಸೀದಾ ಗಂಡನ ಮನೆಗೆ ಕರೆತಂದಳು. ಅದಕ್ಕಾಗಿ ಅತ್ತೆಯಿಂದ ಅನ್ನಿಸಿಕೊಂಡಳು. ತನ್ನ ಗಂಗಾಳದ ರೊಟ್ಟಿಯನ್ನು ಮುರಿದು ಅವನ ಗಂಗಾಳಕ್ಕೆ ಹಾಕಿದಳು. ಅವನನ್ನು ಹುಬ್ಬಳ್ಳಿಯ ಕಾಲೇಜಿಗೆ ಸೇರಿಸಲು ಕೈಯ ಬಂಗಾರದ ಪಾಟಲಿ ಬಿಚ್ಚಿಕೊಟ್ಟಳು, ಮತ್ತೆಂದೂ ಪಾಟಲಿ ಹಾಕಲಿಲ್ಲ. ರೈಲ್ವೆ ಪರೀಕ್ಷೆ ಪಾಸಾಗಿ ಅವನು ನಾಗಪುರಕ್ಕೆ ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿಗೆ ಬಂದು, ಗಾಡಿಯ ಕೊನೆಯ ಡಬ್ಬಿ ಮರೆಯಾಗುವತನಕ ನಿಂತವಳೂ ಅವಳೇ.

ಮುಂದೆ ಆ ಕೊನೆಯ ಡಬ್ಬಿಯೇ ಗುರುಸಿದ್ದಪ್ಪನ ಅನ್ನವಾಯಿತು. ಗೂಡ್ಸ್ ಗಾಡಿಯ ಗಾರ್ಡ್ ಆಗಿ, ಕಲ್ಲಿದ್ದಲಿನ ವ್ಯಾಗನ್ನುಗಳ ಹಿಂದೆ ಬಾವುಟ ಹಿಡಿದು ನಿಂತು ಸರ್ವಿಸ್ ಪೂರ್ತಿ ತೆಗೆದ. ಸೊಲ್ಲಾಪುರದ ಸತ್ಯಭಾಮಾಳನ್ನು ಮದುವೆಯಾದ. ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಗಳು ಅಕ್ಷರಾ ಹುಟ್ಟಿದಳು. ನಿವೃತ್ತಿಯಾದ ಮೇಲೆ ಬಜಾಜ್ ನಗರದಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡ. ಹೊರಗೆ ಮರಾಠಿ, ಹಿಂದಿ. ಒಳಗೆ ಸತ್ಯಭಾಮಾ ಬೈಯುವಾಗ ಮಾತ್ರ ಅಪ್ಪಟ ಕನ್ನಡ. ಯಾರಿಗೂ ಕೆಟ್ಟದ್ದು ಬಯಸದ, ಯಾರ ಬಾಯಿಗೂ ಬೀಳದ ಮನುಷ್ಯ. ಅಂಥವರೇ ಒಬ್ಬರ ಎದೆಯನ್ನು ಸದ್ದಿಲ್ಲದೆ ಸುಡುತ್ತಾರೆ ಎಂಬುದು ನೋಡಿದವರಿಗೆ ತಿಳಿಯುವುದಿಲ್ಲ.

ಅವನು ಊರಿಗೆ ಹೋಗುತ್ತಿರಲಿಲ್ಲ. ಮೊದಮೊದಲು ಹೋದ, ಆಮೇಲೆ ಅಕ್ಕನ ಮಗ ಸಿದ್ದೇಶನ ಹುಟ್ಟುಗೂದಲು ತೆಗೆಸುವ ಜವಳಕ್ಕೆ ಹೋದ, ಮತ್ತೆ ಅವನ ಮದುವೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಮುಟ್ಟಿ ಊಟ ಮಾಡಿ ಹೊರಟ. ರಜೆ ಇಲ್ಲ ಎನ್ನುತ್ತಿದ್ದ. ರೈಲ್ವೆಯವನಿಗೆ ವರುಷಕ್ಕಿಷ್ಟು ಎಂದು ಪುಕ್ಕಟೆ ಪಾಸು ಇರುತ್ತವೆ. ಆ ಪಾಸುಗಳ ಮೇಲೆ ಹೆಂಡತಿ ಮಗಳನ್ನು ಕರೆದುಕೊಂಡು ಹರಿದ್ವಾರ ಕಂಡ, ಪುರಿ ಕಂಡ, ಜಮ್ಮುವಿನವರೆಗೂ ಹೋಗಿ ಬಂದ. ಹುಬ್ಬಳ್ಳಿಯ ಹೆಸರು ಮಾತ್ರ ಯಾವ ಪಾಸಿನ ಮೇಲೂ ಬರೆಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರುಸಿದ್ದಪ್ಪ ಹಾದಿ ದೂರ ಅಂದ.

ನಿಜ ಕಾರಣ ಬೇರೆ ಇತ್ತು. ಅಕ್ಕನ ಮುಂದೆ ಕೂತರೆ ಅವನಿಗೆ ಆ ಬರಿಗೈ ಕಾಣುತ್ತಿತ್ತು. ಅವಳು ಬಂದವರ ಮುಂದೆಲ್ಲ "ನಮ್ಮ ಗುರ್ಯಾ ರಾತ್ರಿ ಅವ್ವನ್ನ ನೆನಿಸಿ ಅಳ್ತಿದ್ದ, ನಾ ಸೆರಗಿನಾಗ ಸುತ್ತಿಕೊಂಡ ಮಲಗಿಸ್ತಿದ್ದೆ" ಎಂದು ಹೆಮ್ಮೆಯಿಂದ ಹೇಳುವಳು. ಗಾರ್ಡ್ ಸಾಹೇಬನಿಗೆ ಅದು ಬೇಡವಾಗಿತ್ತು. ಸಾಲ ಕೊಟ್ಟವನನ್ನು ಕಂಡರೆ ಓಣಿ ಬದಲಿಸುವ ಜನ ಇದ್ದಾರೆ. ಉಪಕಾರ ಮಾಡಿದವರನ್ನು ಕಂಡು ಊರೇ ಬದಲಿಸುವವರು ಅವರಿಗಿಂತ ಕಡೆ.

ಪ್ರತಿ ವರುಷ ಪಂಚಮಿ ಬರುತ್ತಿತ್ತು. ಅದು ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿಂದು ಸೀರೆ ಉಟ್ಟು ಬರಬೇಕು. ನೀಲಗಂಗಮ್ಮನ ತವರುಮನೆ ಬಿದ್ದು ಹೋಗಿ ಕಾಲವಾಗಿತ್ತು. ತಮ್ಮ ಇರುವಲ್ಲಿಯೇ ತನ್ನ ತವರು ಎಂದು ಅವಳು ನಂಬಿದ್ದಳು. ಹಬ್ಬಕ್ಕೆ ಎಂಟು ದಿನ ಮುಂಚೆ ಫೋನು ಮಾಡಿ, "ಒಮ್ಮೆ ನಿನ್ನ ಮನಿ ನೋಡಬೇಕೋ ತಮ್ಮಾ, ನಿನ್ನ ಮನ್ಯಾಗ ಒಂದ ಪಂಚಮಿ ಮಾಡಿ ಬರ್ತೀನಿ" ಎನ್ನುತ್ತಿದ್ದಳು.

"ಅಕ್ಕಾ, ಭಾಳ ದೂರ ಐತಿ. ಮಿರಜಿನ್ಯಾಗ ಗಾಡಿ ಬದಲಿಸಬೇಕು, ಎರಡ ದಿನದ ಹಾದಿ. ನಿನ್ನ ಮೊಣಕಾಲ ತಡಿಯಂಗಿಲ್ಲ," ಎನ್ನುತ್ತಿದ್ದ ಗುರುಸಿದ್ದಪ್ಪ. ಒಂದೂಕಾಲು ದಿನದ ಹಾದಿಗೆ ಮುಕ್ಕಾಲು ದಿನ ತಾನೇ ಸೇರಿಸಿದ್ದ. ಆಮೇಲೆ ಸೀರೆಗೆಂದು ರೊಕ್ಕ ಕಳಿಸುತ್ತಿದ್ದ.

ಓಣಿಯ ಹೆಂಗಸರು, "ಏನವಾ ನೀಲಗಂಗವ್ವಾ, ಈ ಸಲಾನೂ ತಮ್ಮ ಬರ್ಲಿಲ್ಲಲ್ಲಾ?" ಎಂದು ಚುಚ್ಚಿದರೆ, ಅವಳು ಸೆಟೆದು ನಿಲ್ಲುತ್ತಿದ್ದಳು. "ಎರಡ ದಿನದ ಹಾದಿ ಅವಾ, ನಾಗಪುರ ಅಂದ್ರ ಏನ್ ಹುಡುಗಾಟಿಕಿ? ದೂರಿದ್ದವರು ಏನ್ ಮಾಡ್ಯಾರು?" ಎನ್ನುತ್ತಿದ್ದಳು. ತಮ್ಮನ ನೆಪವನ್ನು ತಮ್ಮನಿಗಿಂತ ಚೆನ್ನಾಗಿ ಕಾಪಾಡಿದಳು.

ಇಂತಿರುವಲ್ಲಿ ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಸಿದ್ದೇಶ ಫೋನು ಮಾಡಿದ.

"ಮಾಮಾ, ಅವ್ವಗ ಭಾಳ ಆಗೇತ್ರಿ. ಡಾಕ್ಟರು ಮನೀಗೆ ಕರಕೊಂಡ ಹೋಗ್ರಿ ಅಂದಾರ. ಇವತ್ತ ದಾಟೋದು ಕಷ್ಟ ಅನಸ್ತೈತಿ. ಕಣ್ಣ ತೆಗದಾಗೊಮ್ಮೆ ನಿಮ್ಮ ಹೆಸರನ ಕೇಳಾಕತ್ತಾಳ. ಬರ್ರಿ."

ಗುರುಸಿದ್ದಪ್ಪ ಕಪಾಟಿನಿಂದ ಚೀಲ ಎಳೆದ. ಅಷ್ಟು ವರುಷ ಹೂತಿಟ್ಟದ್ದೆಲ್ಲ ಒಮ್ಮೆಲೇ ಎದ್ದು ಬಂತು. ಅಕ್ಕ ಕಣ್ಣು ಮುಚ್ಚುವುದರೊಳಗೆ ಹೋಗಿ ಮುಖ ತೋರಿಸಬೇಕು. ಬದುಕಿನಲ್ಲಿ ಅವನಿಗೆ ಬೇರೇನೂ ಬೇಡವಾಯಿತು. ಇನ್ನೊಂದು ಮಾತೂ ಇತ್ತು, ಅದನ್ನು ಬಾಯಿಬಿಟ್ಟು ಹೇಳಿದವಳು ಸತ್ಯಭಾಮಾ.

"ಹಂಗನ ಹೋಗಬ್ಯಾಡ್ರಿ. ಮುತ್ತೈದಿ ಅದಾರ. ಏನರ ಹೆಚ್ಚು ಕಡಿಮಿ ಆದ್ರ ತವರಿನ ಸೀರಿ ನೀವ ಹಾಕಬೇಕು. ಅವರಿಗೆ ತವರು ಅಂತ ಇರಾವರು ನೀವೊಬ್ರ."

ಮುತ್ತೈದೆ ಸತ್ತರೆ ತವರಿನಿಂದ ಹಸಿರು ಸೀರೆ ಬಂದು ಅದನ್ನು ಹೊದಿಸಿದ ಮೇಲೆಯೇ ಮಣ್ಣಿಗೆ ಒಯ್ಯುವುದು. ಅದಿಲ್ಲದೆ ಹೋದವಳನ್ನು ಹೇಳುವವರು ಕೇಳುವವರು ಇಲ್ಲದ ಹೆಣ್ಣು ಅನ್ನುತ್ತಾರೆ.

ಮಿರಜಿನ ಕಡೆ ಹೋಗುವ ಗಾಡಿ ಹನ್ನೊಂದರ ಸುಮಾರಿಗೆ ಹೊರಡುತ್ತಿತ್ತು. ಗುರುಸಿದ್ದಪ್ಪ ಚೀಲಕ್ಕೆ ಧೋತರ ತುರುಕುತ್ತಿದ್ದಾಗ, ಐಟಿ ಕಂಪನಿಗಳಿರುವ ಮಿಹಾನಿನ ಆಫೀಸಿಗೆ ಹೊರಟು ಕ್ಯಾಬ್ ಕಾಯುತ್ತಿದ್ದ ಅಕ್ಷರಾ ಕೇಳಿದಳು, "ಪಪ್ಪಾ, ಟ್ರೇನ್ ಕಶಾಲಾ, ಯಾಕ? ನಾಳಿ ಸಂಜಿಗೆ ಮುಟ್ತೀರಿ. ಫ್ಲೈಟ್ ನೋಡ್ರಿ ನಾ."

ಅವನಿಗೆ ಅದು ಹೊಳೆದೇ ಇರಲಿಲ್ಲ. ಅವನು ವಿಮಾನ ಹತ್ತಿದವನಲ್ಲ. "ಹುಬ್ಬಳ್ಳಿಗೆ ವಿಮಾನದಾಗ ಎಷ್ಟ ತಾಸು? ನೋಡು, ನೋಡು, ಜಲ್ದಿ ನೋಡು."

ಅಕ್ಷರಾ ಒಂದು ಕೈಯಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಒತ್ತಿದಳು. "ನಾಗಪುರ ಟು ಹುಬ್ಬಳ್ಳಿ... ದೂರ ಏಳ್ನೂರಾ ಅರವತ್ತು ಕಿಲೋಮೀಟರ್. ಟೈಮ್ ದೀಡ್ ತಾಸ. ಒಂದೂವರೆ ತಾಸು, ಪಪ್ಪಾ." ಕೆಳಗೆ ಕ್ಯಾಬಿನವನು ಹಾರ್ನ್ ಹೊಡೆದ. "ಆಫೀಸಿಗೆ ಹೋಗಿ ಟಿಕೆಟ್ ತೆಗೀತೀನಿ, ನೀವು ತಯಾರಾಗ್ರಿ," ಎಂದವಳೇ ಓಡಿದಳು.

ಒಂದೂವರೆ ತಾಸು! ಗುರುಸಿದ್ದಪ್ಪ ಚೀಲವನ್ನು ಕೆಳಗಿಟ್ಟು ಕೂತ. ಅವನು ರೈಲ್ವೆಯ ಅನ್ನ ಉಂಡವನು. ಟೈಮ್‌ಟೇಬಲ್ಲಿನಲ್ಲಿ ಎರಡು ಊರುಗಳ ನಡುವೆ ಇಷ್ಟು ಕಿಲೋಮೀಟರು, ಇಷ್ಟು ಹೊತ್ತು ಎಂದು ಅಚ್ಚಾಗಿದೆಯೆಂದರೆ ಅಲ್ಲಿ ಗಾಡಿ ಓಡುತ್ತದೆ. ತಡವಾಗಿ ಓಡಬಹುದು, ಅದು ಬೇರೆ ಮಾತು. ಓಡದ ಗಾಡಿಗೆ ಹೊತ್ತು ಬರೆದಿಡುವ ಪದ್ಧತಿ ಅವನು ಕಂಡ ಇಲಾಖೆಯಲ್ಲಿ ಇರಲಿಲ್ಲ. ಹೀಗಾಗಿ ಬೇರೇನನ್ನೂ ಕೇಳಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ಟಿಕೀಟು ಕೈಗೆ ಬರುವ ಮೊದಲೇ ಸಿದ್ದೇಶನಿಗೆ ಫೋನು ಹಚ್ಚಿದ.

"ಅವ್ವನ ಕಿವಿಗೆ ಹಿಡಿಯೋ," ಎಂದ. ಆ ಕಡೆ ಮಂದಿಯ ಗುಜುಗುಜು, ಹಾಸಿಗೆ ಸರಿಸಿದ ಸಪ್ಪಳ, ಆಮೇಲೆ ಉಸಿರು.

"ಅಕ್ಕಾ, ನಾ ಗುರ್ಯಾ. ವಿಮಾನದಾಗ ಬರಾಕತ್ತೀನಿ. ಒಂದೂವರೆ ತಾಸಿನ ಹಾದಿ ಅಷ್ಟ. ಬಂದ್ನೆಂತ ತಿಳಿ. ಒಂದೂವರೆ ತಾಸು, ಅಕ್ಕಾ!"

ಆಮೇಲೆ ನೀಲಗಂಗಮ್ಮ, "ಆತು," ಅಂದಳು.

ಹನ್ನೊಂದರ ಗಾಡಿ ಗುರುಸಿದ್ದಪ್ಪನನ್ನು ಬಿಟ್ಟು ಹೊರಟಿತು. ಅದೇ ಹೊತ್ತಿಗೆ ಅವನು ಇತವಾರಿ ಪೇಟೆಯ ಅಂಗಡಿಯೊಂದರಲ್ಲಿ ಬಿಳಿ ಗಾದಿಯ ಮೇಲೆ ಕೂತು ಹಸಿರು ಸೀರೆ ಆರಿಸುತ್ತಿದ್ದ. ಹೊತ್ತು ಬೇಕಾದಷ್ಟಿತ್ತು. ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಂಗಡಿಯವನು ಒಂದೊಂದೇ ಸೀರೆ ಬಿಚ್ಚಿ ಹರವಿದಂತೆ, ಇದು ತಿಳಿ ಆಯಿತು, ಇದರ ಸೆರಗು ಸಾಲದು ಎಂದು ದೂಡಿದ. ಅಕ್ಕನಿಗೆಂದು ಬದುಕಿನಲ್ಲಿ ಅವನು ಕೈಯಾರೆ ಆರಿಸಿದ ಮೊದಲ ಸೀರೆ ಅದು. ಯಾತಕ್ಕೆ ಆರಿಸುತ್ತಿದ್ದೇನೆ ಎಂಬುದು ನೆನಪಾಗಿ ಅವನ ಕಣ್ಣಲ್ಲಿ ನೀರು ಬಂತು. ಗಟ್ಟಿಯಿದ್ದಾಗ ಆರಿಸಿದ್ದರೆ ಅವಳು ಉಡುತ್ತಿದ್ದಳು.

ಸೀರೆ ಕಟ್ಟಿಸುವಾಗ ಅಕ್ಷರಾಳ ಫೋನು ಬಂತು.

"ಪಪ್ಪಾ, ಸೀದಾ ಫ್ಲೈಟ್ ಇಲ್ಲ. ಸಂಜಿಗೆ ಬೆಂಗಳೂರಿಗೆ ಒಂದು ಐತಿ. ಅಲ್ಲಿಂದ ಹುಬ್ಬಳ್ಳಿಗೆ ನಾಳೆ ಬೆಳಿಗ್ಗೆ. ಬುಕ್ ಮಾಡ್ಲ್ಯಾ?"

"ನಾಳೆ? ಒಂದೂವರೆ ತಾಸು ಅಂದಿ?"

"ಅದು ದೂರದ ಲೆಕ್ಕ ಪಪ್ಪಾ. ಮ್ಯಾಪಿನ ಮ್ಯಾಲೆ ಸೀದಾ ಗೆರಿ ಎಳದು, ವಿಮಾನ ಹಾರಿದ್ರ ಎಷ್ಟ ಹೊತ್ತು ಅಂತ ಕಂಪ್ಯೂಟರು ತೆಗದ ಹೇಳ್ತೈತಿ. ಎರಡು ಏರ್‌ಪೋರ್ಟ್ ಇದ್ರ ಸಾಕು, ಹೇಳ್ತೈತಿ. ಫ್ಲೈಟ್ ಐತೆಂತ ಅಲ್ಲ."

"ವಿಮಾನನ ಇಲ್ಲದ ಹಾದಿಗೆ ಟೈಮ್ ಯಾಕ ಬರೀತಾರ?" ಎಂದು ಗುರುಸಿದ್ದಪ್ಪ ಅಂಗಡಿಯಲ್ಲೇ ಕೂಗಾಡಿದ. ಸೀರೆ ಕಟ್ಟುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

"ನೀವು ಎಷ್ಟ ತಾಸು ಅಂತ ಕೇಳಿದ್ರಿ, ನಾ ಎಷ್ಟ ತಾಸು ಅಂತ ಹೇಳಿದೆ," ಎಂದಳು ಮಗಳು. ಅವಳ ದನಿ ಅಳುವಿನ ಹತ್ತಿರ ಬಂದಿತ್ತು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ಆಗಲೇ ಅವನು ಊರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿಬಿಡಬಹುದಿತ್ತು. ಮೋಸಹೋದೆ, ನಾಳೆ ಬೆಳಿಗ್ಗೆ ಮುಟ್ಟುತ್ತೇನೆ ಎಂದಿದ್ದರೆ ಯಾರೂ ಅವನನ್ನು ತಿನ್ನುತ್ತಿರಲಿಲ್ಲ. ಆದರೆ ಅಕ್ಕನ ಕಿವಿಯಲ್ಲಿ ಕೂಗಿ ಹೇಳಿದ ಒಂದೂವರೆ ತಾಸು ಆಗಲೇ ಮುಗಿದು ಹೋಗಿತ್ತು. ಹೇಗೆ ಹೇಳಲಿ ಎಂದು ಅವನು ಮೀನಮೇಷ ಎಣಿಸುತ್ತಿರುವಾಗ ಸಿದ್ದೇಶನೇ ಫೋನು ಮಾಡಿದ.

"ಮಾಮಾ, ಇಳದ್ರೇನ್ರಿ? ಹುಬ್ಬಳ್ಳಿ ಏರ್‌ಪೋರ್ಟಿಗೆ ಗಾಡಿ ಕಳಿಸೇವಿ. ಡ್ರೈವರ್ ಹೊರಗ ನಿಂತಾನ."

"ಇಲ್ಲೋ... ವಿಮಾನ ಲೇಟ್ ಐತಿ," ಎಂದ ಗುರುಸಿದ್ದಪ್ಪ.

ಸರ್ವಿಸ್ ಪೂರ್ತಿ ಹೇಳಿ ರೂಢಿಯಾದ ಮಾತು, ನಾಲಿಗೆಗೆ ತಾನಾಗಿ ಬಂತು. ಮಧ್ಯಾಹ್ನ ಮತ್ತೆ ಫೋನು ಬಂದಾಗಲೂ ಅದನ್ನೇ ಹೇಳಿದ. "ಅವ್ವ ಬಾಗಲಾ ನೋಡಾಕತ್ತಾಳ ಮಾಮಾ," ಎಂದು ಸಿದ್ದೇಶ ಹೇಳಿದಾಗಲೂ ಹೇಳಿದ. ಊಟದ ಹೊತ್ತು ಮುಗಿದ ಮೇಲೆ ಬಂದ ಫೋನಿನಲ್ಲಿ ಸಿದ್ದೇಶ ಅಳುತ್ತಿದ್ದ. "ಹೋದ್ಲು ಮಾಮಾ," ಎಂದ. ಹಿಂದೆಯೇ, "ನೀವು ಬರೂತನಕ ಎತ್ತಂಗಿಲ್ಲ ಅಂತ ಅಪ್ಪ ಹೇಳ್ಯಾನ. ಹೊತ್ತ ಮುಳುಗೋದ್ರಾಗ ಬರ್ತೀರಿಲ್ಲೋ?" ಎಂದು ಕೇಳಿದ.

ಗುರುಸಿದ್ದಪ್ಪ, "ಬರ್ತೀನಿ," ಎಂದ. ಆ ಒಂದು ಮಾತಿಗೆ ಅವನನ್ನು ಕ್ಷಮಿಸುವುದು ಯಾರಿಗೂ ಸಾಧ್ಯವಿಲ್ಲ. ಅದಕ್ಕಿಂತ ಮೊದಲಿನ ಸುಳ್ಳುಗಳು ಭಯದ ಸುಳ್ಳುಗಳು. ಇದು ಎಲ್ಲ ಗೊತ್ತಿದ್ದು ಹೇಳಿದ್ದು. ಆಮೇಲೆ ಫೋನನ್ನೇ ಬಂದ್ ಮಾಡಿ, ಸೀರೆಯ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ವಿಮಾನ ಹತ್ತಿದ. ಮೊದಲ ಸಲ ಆಕಾಶಕ್ಕೆ ಏರಿದ ಅವನು ಕಿಟಕಿಯ ಕಡೆ ಕಣ್ಣೂ ಹಾಯಿಸಲಿಲ್ಲ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಕರೆಯಲು ಯಾವ ಗಾಡಿಯೂ ಬಂದಿರಲಿಲ್ಲ. ಬಾಡಿಗೆ ಗಾಡಿಯಲ್ಲಿ ಊರು ಮುಟ್ಟಿದ. ಓಣಿಯ ಬಾಯಿಗೇ ಅವನಿಗೆ ತಿಳಿಯಿತು. ಮಣ್ಣಿಗೆ ಒಯ್ದ ಮೇಲೆ ಅಂಗಳ ಸಾರಿಸಿದ್ದರು.

ನಡೆದದ್ದನ್ನು ಸಿದ್ದೇಶ ತಲೆ ಎತ್ತದೆ ಹೇಳಿದ. ಅವ್ವನನ್ನು ಮೀಯಿಸಿ, ವಿಭೂತಿ ಹಚ್ಚಿ, ಬಾಗಿಲಿಗೆ ಮುಖ ಮಾಡಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಭಜನೆಯವರು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತು ಹಾಡಿದರು. ಸ್ವಾಮಿಗಳು ಬಂದು ಕಾದರು. ಕುಣಿ ತೋಡಿದವರು ಎರಡು ಸಲ ಹೇಳಿ ಕಳಿಸಿದರು. ಏರ್‌ಪೋರ್ಟಿನಲ್ಲಿದ್ದ ಡ್ರೈವರ್, ನಾಗಪುರದಿಂದ ಹುಬ್ಬಳ್ಳಿಗೆ ವಿಮಾನವೇ ಇಲ್ಲವಂತೆ ಎಂದು ಫೋನು ಮಾಡಿದ. ಮಾಮಾನ ಫೋನು ಬಂದ್ ಇತ್ತು. ಹೊತ್ತು ಮುಳುಗಲು ಬಂದಾಗ, ನೀಲಗಂಗಮ್ಮನ ತವರೂರಿನಿಂದ ಅದೇ ಓಣಿಗೆ ಬಂದಿದ್ದ ಒಬ್ಬ ಮುದುಕಿ ಎದ್ದು ಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತಂದಳು. ತನ್ನ ಮಣ್ಣಿಗೆಂದು ಅವಳು ತೆಗೆದಿಟ್ಟುಕೊಂಡಿದ್ದ ಸೀರೆ ಅದು. "ನಮ್ಮೂರ ಹೆಣ್ಣಮಗಳು ತವರ ಸೀರಿ ಇಲ್ದ ಹೋಗಬಾರದು," ಎಂದು ಅದನ್ನೇ ಹೊದಿಸಿದಳು.

ಗುರುಸಿದ್ದಪ್ಪ ಹೊಲದ ಬದುವಿಗೆ ಹೋಗಿ ಹಸಿಮಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ. ಸಮಾಧಾನ ಮಾಡಲು ಯಾರೂ ಹತ್ತಿರ ಬರಲಿಲ್ಲ. ಮನೆಗೆ ಬಂದರೆ ಫಕೀರಪ್ಪ ಕಟ್ಟೆಯ ಮೇಲೆ ಕೂತಿದ್ದ. ಎಂದೂ ಏರಿದ ದನಿಯಲ್ಲಿ ಮಾತಾಡಿದವನಲ್ಲ, ಅಂದೂ ಮಾತಾಡಲಿಲ್ಲ. ಮೈದುನನಿಗೆ ಕೂಡಲು ಚಾಪೆ ತೋರಿಸಿದ. ಗುರುಸಿದ್ದಪ್ಪ ಚೀಲದಿಂದ ಸೀರೆಯ ಕಟ್ಟು ತೆಗೆದು ಅವನ ಮುಂದಿಟ್ಟ. ಅದನ್ನು ಫಕೀರಪ್ಪ ಮುಟ್ಟಲಿಲ್ಲ.

"ನೀ ಫೋನ್ ಇಟ್ಟ ಮ್ಯಾಲೆ ಆಕಿ ನನ್ನ ಕರದ್ಲು," ಎಂದ ಫಕೀರಪ್ಪ. "ಮಾತು ಬರ್ತಿತ್ತು ಇನ್ನೂ. ಒಂದೂವರೆ ತಾಸಿನ ಹಾದಿ ಅಂತ್ರಿ, ಅಂದ್ಲು. ಅಣ್ಣಿಗೇರಿಗೆ ಸಂತಿಗೆ ಹೋಗಿ ಬರಾಕೂ ಅಷ್ಟ ಹಿಡೀತೈತಿ, ಅಂದ್ಲು. ಆಮ್ಯಾಲೆ, ನಾ ಎಲ್ಲಾರಿಗೂ ದೂರ ದೂರ ಅಂತ ಹೇಳಿಕೋತ ಬಂದ್ನೆಲ್ರಿ, ಅಂದ್ಲು. ಅದ ಕಡೀ ಮಾತು. ಬಾಗಲಾ ನೋಡಿದ್ಲು ಖರೆ, ಮತ್ತ ನಿನ್ನ ಹೆಸರ ತಗೀಲಿಲ್ಲ."

ಗುರುಸಿದ್ದಪ್ಪನಿಗೆ ಬಾಯಿ ತೆರೆಯುವಷ್ಟು ರೋಷ ಬಂತು. ಅದು ಸುಳ್ಳು ಲೆಕ್ಕ, ಯಾರೋ ಕಂಪ್ಯೂಟರಿನಲ್ಲಿ ಗೆರೆ ಎಳೆದು ಬರೆದದ್ದು, ನಾಗಪುರ ನಿಜವಾಗಿ ದೂರವೇ ಇದೆ, ಈಗ ನೋಡಿ, ವಿಮಾನ ಹತ್ತಿದರೂ ಒಂದು ದಿನ ಹಿಡಿಯಿತು ಎಂದು ಕೂಗಿ ಹೇಳಬೇಕೆನ್ನಿಸಿತು. ಬದುಕಿನಲ್ಲಿ ಮೊದಲ ಸಲ ಆ ಮಾತು ಸತ್ಯವಾಗಿತ್ತು. ಆದರೆ ಅದನ್ನು ಅವನು ಎಷ್ಟು ವರುಷ ಸುಳ್ಳಾಗಿ ಬಳಸಿದ್ದನೆಂದರೆ ಈಗ ಬಾಯಿಗೆ ತರಲು ನಾಲಿಗೆ ಏಳಲಿಲ್ಲ. ಅವನು ಸುಮ್ಮನೆ ಹನ್ನೊಂದರ ಗಾಡಿ ಹಿಡಿದಿದ್ದರೆ, ಎರಡು ದಿನದ ಹಾದಿ ಎಂದೇ ಹೇಳಿದ್ದರೆ, ಅಕ್ಕ ಅವನ ನೆಪವನ್ನು ನಂಬಿಕೊಂಡೇ ನೆಮ್ಮದಿಯಿಂದ ಹೋಗುತ್ತಿದ್ದಳು.

"ಖರೇನ ಒಂದೂವರೆ ತಾಸಿನ ಹಾದಿ ಏನೋ ಅದು?" ಎಂದು ಫಕೀರಪ್ಪ ಕೇಳಿದ. ಚುಚ್ಚಿ ಕೇಳಿದ್ದಲ್ಲ. ಮುದುಕನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಗುರುಸಿದ್ದಪ್ಪ ಸಾರಿಸಿದ ಅಂಗಳವನ್ನು ನೋಡಿದ.

"ದೂರ ಇರ್ಲಿಲ್ರಿ ಭಾವಾ," ಎಂದ.

ಫಕೀರಪ್ಪ ತಲೆಯಾಡಿಸಿದ. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಸೀರೆಯ ಕಟ್ಟನ್ನು ಎತ್ತಿ ಮೈದುನನ ಚೀಲದೊಳಗೆ ಇಟ್ಟು, ಜಿಪ್ಪು ಎಳೆದ.